ಎಚ್ಚರದ ಇಲಿಗಳಿಗೆ ನನ್ನ ಬಾಯಿಯ ಸ್ಕ್ಯಾನರ್

ನನ್ನ ದಡ್ಡತನವನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ, ನಡುನಡುವೆ ನನ್ನ ಧ್ವನಿಯನ್ನೂ ಮಾಡಿ ತೋರಿಸುತ್ತಾರೆ. ಊರವರನ್ನೆಲ್ಲ ಆಡಿಕೊಂಡು ಬೆಳೆದವನಿಗೆ ಅದು ಸಹಿಸುವ ವಿಷಯವಲ್ಲ. ಆದದ್ದು ಇಷ್ಟು: ಒಂದು ಗುಂಪು ಇಲಿಗಳಿಗೆ ಮೆದುಳಿನ ಸ್ಕ್ಯಾನಿಂಗ್ ಯಂತ್ರದ ಸದ್ದನ್ನು ಅಭ್ಯಾಸ ಮಾಡಿಸು ಎಂದು ನನಗೆ ಒಪ್ಪಿಸಿದ್ದರು. ನಾನು ಅವುಗಳಿಗೆ ನನ್ನ ಬಾಯಿಯ ಸದ್ದನ್ನು ಅಭ್ಯಾಸ ಮಾಡಿಸಿದೆ.

ನಮ್ಮ ಲ್ಯಾಬು ಜಿಗಣಿಯಲ್ಲಿ, ಗ್ರಾನೈಟ್ ಪಾಲಿಷ್ ಮಾಡುವ ಫ್ಯಾಕ್ಟರಿಯ ಹಿಂದಿದೆ. ಹೊರಗಿನಿಂದ ನೋಡಿದರೆ ಬಿಸ್ಕತ್ತಿನ ಗೋಡೌನು ಅನ್ನಿಸುತ್ತದೆ. ಖಿನ್ನತೆಗೆ, ಗಾಬರಿಗೆ, ಕುಡಿತದ ಚಟಕ್ಕೆ ಅಂತ ಔಷಧಿ ಕಂಪನಿಗಳು ಹೊಸ ಹೊಸ ಮದ್ದು ಹುಡುಕುತ್ತಿರುತ್ತವೆ. ಅವೆಲ್ಲ ಮನಸ್ಸಿನ ಮೇಲೆ ಕೆಲಸ ಮಾಡುವ ಮದ್ದುಗಳು. ಮನುಷ್ಯನಿಗೆ ಕೊಡುವ ಎಷ್ಟೋ ಮೊದಲು ನಾವು ಅದನ್ನು ಇಲಿಗೆ ಕೊಟ್ಟು, ಇಲಿಯ ಮೆದುಳಿನ ಚಿತ್ರ ತೆಗೆದು ನೋಡುತ್ತೇವೆ. ನಮ್ಮ ಯಂತ್ರ ಆಸ್ಪತ್ರೆಯ ಎಂಆರ್‌ಐಗೆ ತಮ್ಮನಿದ್ದ ಹಾಗೆ: ಮೈ ಚಿಕ್ಕದು, ಅಯಸ್ಕಾಂತದ ಶಕ್ತಿ ಅಣ್ಣನಿಗಿಂತ ಜಾಸ್ತಿ, ಗಲಾಟೆಯೂ ಜಾಸ್ತಿ. ಮೆದುಳಿನ ಯಾವ ಮೂಲೆ ಕೆಲಸಕ್ಕೆ ಇಳಿಯುತ್ತದೋ ಆ ಮೂಲೆಗೆ ರಕ್ತ ಹೆಚ್ಚು ಹರಿಯುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ, ನಾವು ಬಣ್ಣ ಹಚ್ಚಿ ನೋಡುತ್ತೇವೆ.

ಆನೇಕಲ್ ಕಡೆಯ ನಮ್ಮ ಮನೆಯಲ್ಲಿ ಇದನ್ನು ವಿವರಿಸಲು ನಾನು ಬಹಳ ಕಷ್ಟಪಟ್ಟಿದ್ದೇನೆ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲು ರೂಮು ಕಟ್ಟಿ ರಾಯಚೂರು, ಯಾದಗಿರಿ ಕಡೆಯವರಿಗೆ ಬಾಡಿಗೆ ಕೊಟ್ಟಿದ್ದಾರೆ. ನನ್ನ ಮಿಮಿಕ್ರಿ ಶುರುವಾದದ್ದೇ ಆ ರೂಮುಗಳ ಮುಂದೆ. ಯಾದಗಿರಿಯವರ ಹಾಗೆ ನಾನು "ಎಲ್ಲಿಗೆ ಹೊಂಟೀರಿ ಮಾಲಕ್ರ" ಎಂದು ಬಾಗಿಲ ಹಿಂದಿನಿಂದ ಕೇಳಿದರೆ ಅಪ್ಪ ನಿಂತು ಉತ್ತರ ಕೊಡುತ್ತಿದ್ದರು. ಅಮ್ಮನ ಹತ್ತಿರ ಮಾತ್ರ ನನ್ನ ಆಟ ನಡೆಯುವುದಿಲ್ಲ. ಯಾರಾದರೂ ಮಗನಿಗೆ ಏನು ಕೆಲಸ ಎಂದು ಕೇಳಿದರೆ ಅವಳು ಹೇಳುವುದು ಒಂದೇ ಮಾತು: "ನಾವು ಇಲಿಗೆ ಬೋನು ಮಡಗ್ತೀವಿ. ಇವ್ನು ಇಲಿಗೆ ಕುರ್ಚಿ ಆಕ್ಕೊಟ್ಟು ಸಂಬ್ಳ ತಕ್ಕತಾನೆ."

ಅಮ್ಮ ಹೇಳುವ ಕುರ್ಚಿ ನಿಜ. ಅದು ನಮ್ಮ ಮೇಡಂ ಮಾಡಿಸಿದ್ದು.

ಮೇಡಂ ಅಂದರೆ ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥೆ, ಐವತ್ತರ ಆಸುಪಾಸಿನವರು. ಇಲಿಗಳನ್ನು ಅವರು "ಸಾಹೇಬ್ರು" ಅನ್ನುತ್ತಾರೆ, ನನ್ನನ್ನು "ಲೇ" ಅನ್ನುತ್ತಾರೆ. ನಮ್ಮಲ್ಲಿ ಯಾರ ಸ್ಥಾನ ಎಲ್ಲಿ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಚಿತ್ರ ತೆಗೆಯುವಾಗ ಇಲಿಯ ತಲೆ ಕೂದಲೆಳೆಯಷ್ಟೂ ಅಲುಗಬಾರದು, ಅಲುಗಿದರೆ ಚಿತ್ರವೆಲ್ಲ ಕಲಸಿದ ಮುದ್ದೆ. ಇದಕ್ಕೆ ಎಲ್ಲರೂ ಕಂಡುಕೊಂಡಿರುವ ಸುಲಭ ದಾರಿ ಅರಿವಳಿಕೆ ಕೊಟ್ಟು ಮಲಗಿಸಿಬಿಡುವುದು. ಮೇಡಂಗೆ ಅದು ಒಪ್ಪಿಗೆಯಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ವಾರವೇ ಅವರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು: "ಅರಿವಳಿಕೆನೂ ಮೆದುಳಿನ ಮೇಲೇ ಕೆಲಸ ಮಾಡೋದು. ಅದರ ಮೇಲೆ ನಮ್ಮ ಮದ್ದು ಹೋದ್ರೆ, ಕಾಣೋ ಬಣ್ಣದಲ್ಲಿ ಯಾರದ್ದು ಎಷ್ಟು ಅಂತ ಹೆಂಗೆ ಬಿಡಿಸ್ತೀಯಾ?" ಆದ್ದರಿಂದ ಇಲಿ ಎಚ್ಚರವಾಗಿಯೇ ಇರಬೇಕು, ಆದರೆ ತಾನಾಗಿಯೇ ನೆಮ್ಮದಿಯಿಂದ ಕೂರಬೇಕು. ಇದನ್ನು ಸಾಧ್ಯ ಮಾಡಲು ಅವರು ವರ್ಷಗಟ್ಟಲೆ ಒದ್ದಾಡಿದ್ದರು.

ಆ ಕುರ್ಚಿಗಾಗಿ ಒಂದು ದಿನ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಬೊಮ್ಮಸಂದ್ರದಲ್ಲಿ ಮೆಟ್ರೋ ಹತ್ತಿ, ನಡುವೆ ಗಾಡಿ ಬದಲಿಸಿ, ಪೀಣ್ಯದಲ್ಲಿ ಇಳಿದರೆ, ಅಲ್ಲೇ ಒಂದು ಸಣ್ಣ ವರ್ಕ್‌ಶಾಪು. ಅಯಸ್ಕಾಂತದ ಹತ್ತಿರ ಕಬ್ಬಿಣ ಹೋಗುವಂತಿಲ್ಲ, ಎಲ್ಲ ಪ್ಲಾಸ್ಟಿಕ್ಕಿನಲ್ಲೇ ಆಗಬೇಕು. ನಕ್ಷೆ ನೋಡಿದ ವರ್ಕ್‌ಶಾಪಿನ ಯಜಮಾನರು ಕನ್ನಡಕ ಹಣೆಗೇರಿಸಿ ಕೇಳಿದರು:

"ಏನ್ ಮೇಡಂ ಇದು, ಇಲಿಗೆ ಪಲ್ಲಕ್ಕಿನಾ?"

"ಪಲ್ಲಕ್ಕಿನೇ ಅಂದ್ಕೊಳ್ಳಿ. ಕೂತೋರಿಗೆ ಎಲ್ಲೂ ಒತ್ತಬಾರ್ದು."

"ಮದುವೆ ಹೆಣ್ಣಿಗೂ ಇಷ್ಟು ನೋಡಲ್ಲ ಕಣ್ರೀ."

"ಮದುವೆ ಹೆಣ್ಣಿಗೆ ಬಾಯಿದೆ. ಒತ್ತಿದ್ರೆ ಹೇಳ್ತಾಳೆ."

ಮಾಡಿಕೊಟ್ಟ ತುಂಡನ್ನು ಮೇಡಂ ತಮ್ಮ ಮುಂಗೈಯ ಒಳಭಾಗಕ್ಕೆ, ಚರ್ಮ ತೆಳ್ಳಗಿರುವ ಕಡೆ, ಉಜ್ಜಿ ನೋಡಿದರು. ಒಂದು ಅಂಚು ಚೂರು ತರಚಿತು. ವಾಪಸ್ಸು ಕೊಟ್ಟರು. ಮತ್ತೆ ಉಜ್ಜಿದರು, ಮತ್ತೆ ಕೊಟ್ಟರು. ಯಜಮಾನರು ಮೊದಲು ಗೊಣಗಿದರು, ಆಮೇಲೆ ಅವರಿಗೂ ಹಟ ಹಿಡಿಯಿತು. ಕೊನೆಯ ಸಲ ತಾವೇ ತಮ್ಮ ಕೆನ್ನೆಗೆ ಒತ್ತಿ ನೋಡಿಕೊಂಡು ತಂದು ಕೊಟ್ಟರು. ವಾಪಸ್ಸು ಬರುವಾಗ ಮೆಟ್ರೋದಲ್ಲಿ ಮೇಡಂ ಆ ಕುರ್ಚಿಯನ್ನು ಬ್ಯಾಗಿನಲ್ಲಿಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪಕ್ಕದ ಹೆಂಗಸು "ಏನಿದು ಅಕ್ಕಾ, ಮಿಕ್ಸಿ ಪಾರ್ಟಾ?" ಎಂದು ಕೇಳಿದಾಗ "ಹೂಂ, ಆ ಥರದ್ದೇ" ಅಂದರು. ನಾನು ಎರಡು ದಿನ ಆ ಸಂಭಾಷಣೆಯನ್ನು ಎರಡೂ ಧ್ವನಿಯಲ್ಲಿ ಮಾಡಿ ಕ್ಯಾಂಟೀನಿನಲ್ಲಿ ನಗಿಸಿದೆ. ಮೇಡಂ ಕೇಳಿಸಿಕೊಂಡು "ನನ್ನದು ಸರಿಯಾಗಿದೆ, ಆ ಯಮ್ಮನದು ಇನ್ನೂ ಸ್ವಲ್ಪ ಮೂಗಲ್ಲಿ ಬರ್ಬೇಕು" ಎಂದು ತಿದ್ದಿದ್ದರು.

ಅಷ್ಟೆಲ್ಲ ಮಾಡಿದ ಮೇಲೆ ಒಂದು ದೊಡ್ಡ ಕೆಲಸ ಬಂತು. ಹೈದರಾಬಾದಿನ ಒಂದು ಕಂಪನಿ ಖಿನ್ನತೆಗೆಂದು ಹೊಸ ಮದ್ದು ತಯಾರಿಸಿತ್ತು. ಹೆಚ್ಚು ಕೊಟ್ಟರೆ ನಿದ್ದೆ ಬರಿಸುವ, ಕಡಿಮೆ ಕೊಟ್ಟರೆ ಎಚ್ಚರವಿದ್ದಂತೆಯೇ ಮನಸ್ಸನ್ನು ಬೇರೆಲ್ಲಿಗೋ ಒಯ್ಯುವ ಜಾತಿಯದು. ಹಿಂದೆ ಅದನ್ನೇ ಮಲಗಿಸಿದ ಇಲಿಗಳಲ್ಲಿ ನೋಡಿದಾಗ ಚಿತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಂಡಿರಲಿಲ್ಲ. ಎಚ್ಚರದ ಇಲಿಯಲ್ಲಿ ನೋಡೋಣ ಎಂದು ಮೇಡಂ ಅವರನ್ನು ಒಪ್ಪಿಸಿದರು. ನಮ್ಮ ಆಪರೇಷನ್ಸ್ ಸಾಹೇಬರು ಮಾತ್ರ ಒಂದು ಷರತ್ತು ಹಾಕಿದರು. ಲ್ಯಾಬಿನ ಆಡಳಿತ, ಖರ್ಚುವೆಚ್ಚ ನೋಡಿಕೊಳ್ಳುವ ಈ ಸಾಹೇಬರು ಪ್ರತಿ ಮಾತನ್ನೂ "ಬೇಸಿಕಲಿ" ಎಂದು ಶುರುಮಾಡುವವರು. ನಾನು ಮಾಡುವ ಧ್ವನಿಗಳಲ್ಲಿ ಅತಿ ಸುಲಭದ್ದು ಅವರದೇ. "ಬೇಸಿಕಲಿ, ಇದು ನಡೆದ್ರೆ ಮುಂದಕ್ಕೂ ಎಚ್ಚರದಲ್ಲೇ ಮಾಡಿ. ನಡೀಲಿಲ್ಲ ಅಂದ್ರೆ ಆ ಕುರ್ಚಿಗಳನ್ನೆಲ್ಲ ಸ್ಟೋರಿಗೆ ಹಾಕಿ, ಎಲ್ಲರ ಥರ ಮಲಗಿಸಿ ಮಾಡೋಣ." ಮೇಡಂ ತಲೆಯಾಡಿಸಿದರು. ಅವರ ಅಷ್ಟು ವರ್ಷದ ಕೆಲಸ ಆ ಇಲಿಗಳು ಅಲುಗದೆ ಕೂರುವುದರ ಮೇಲೆ ನಿಂತಿತು. ಇಲಿಗಳನ್ನು ಅಲುಗದೆ ಕೂರಿಸುವುದು ನನ್ನ ಕೆಲಸವಾಗಿತ್ತು.

ಆ ಕೆಲಸ ಹೀಗೆ. ನಿಜವಾದ ಯಂತ್ರದಷ್ಟೇ ಅಗಲದ ಒಂದು ಸುಳ್ಳು ಕೊಳವೆ ಇದೆ. ಇಲಿಯನ್ನು ಬಟ್ಟೆಯಲ್ಲಿ ಸುತ್ತಿ, ಕುರ್ಚಿಯಲ್ಲಿ ಕೂರಿಸಿ, ಅದರೊಳಗೆ ಇಡುತ್ತೇವೆ. ಮೊದಲ ದಿನ ಸ್ವಲ್ಪ ಹೊತ್ತು, ಹೊರಗೆ ಬಂದ ಮೇಲೆ ಸಕ್ಕರೆ ನೀರು. ಮಾರನೆಯ ದಿನ ಇನ್ನೂ ಸ್ವಲ್ಪ ಹೊತ್ತು. ಆಮೇಲೆ ನಿಜ ಯಂತ್ರದ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡದ್ದನ್ನು ಒಂದು ವಿಶೇಷ ಸ್ಪೀಕರಿನಲ್ಲಿ ಸಣ್ಣಗೆ ಹಾಕಿ, ದಿನದಿನಕ್ಕೆ ಜೋರು ಮಾಡುತ್ತ ಹೋಗಬೇಕು. ಟಕ್ ಟಕ್ ಟಕ್, ಆಮೇಲೆ ಬ್ರರ್ರರ್, ಆಮೇಲೆ ಕೀ ಎಂದು ಹಲ್ಲು ಜುಮ್ಮೆನ್ನುವ ಒಂದು ಎಳೆ. ವಾರಗಳು ಕಳೆದಾಗ ಇಲಿಗೆ ಅದು ಮನೆ ಮುಂದೆ ಬಸ್ಸು ಹೋದ ಹಾಗೆ ಆಗಿಬಿಡುತ್ತದೆ.

ಸದ್ದು ಹಾಕಲು ಶುರುಮಾಡಿದ ಹೊಸದರಲ್ಲೇ ಒಮ್ಮೆ ಕರೆಂಟು ಹೋಗಿ ಬಂತು. ಸ್ಪೀಕರು ಮಾತ್ರ ಮತ್ತೆ ಬಾಯಿ ಬಿಡಲಿಲ್ಲ. ಇಲಿ ಒಳಗೆ ಕೂತಿತ್ತು, ಪಾಠ ನಡುವೆ ನಿಲ್ಲಬಾರದು. ನಾನು ಕೊಳವೆಯ ಬಾಯಿಗೆ ಬಾಯಿಟ್ಟು ಟಕ್ ಟಕ್ ಟಕ್ ಅಂದೆ. ಇಲಿ ಕದಲಲಿಲ್ಲ. ಬ್ರರ್ರರ್ ಅಂದೆ. ಮೀಸೆ ಒಮ್ಮೆ ಮಿಸುಕಿತು, ಅಷ್ಟೇ. ಅಷ್ಟರಲ್ಲಿ ಪಕ್ಕದ ಕೋಣೆಯ ಗೆಳೆಯನೊಬ್ಬ ಬಾಗಿಲಲ್ಲಿ ಇಣುಕಿ, "ಏನ್ ಮಗಾ, ಮಿಷಿನ್ನು ಈ ಕಡೆ ಯಾವಾಗ ತಂದ್ರು?" ಎಂದು ನಿಜವಾಗಿಯೂ ಮೋಸಹೋಗಿ ಕೇಳಿಬಿಟ್ಟ.

ಆ ಪ್ರಶ್ನೆಯೇ ನನ್ನನ್ನು ಕೆಡಿಸಿದ್ದು. ಸ್ಪೀಕರ್ ಹಾಳಾಗಿದೆ ಎಂದು ಒಂದು ಮಾತು ಹೇಳಿದ್ದರೆ ಮಾರನೆಯ ದಿನ ಬೇರೆಯದು ಬರುತ್ತಿತ್ತು. ಆದರೆ ಹೊಸ ಸ್ಪೀಕರು ಬಂದರೆ ನನ್ನ ಪ್ರದರ್ಶನ ನಿಲ್ಲುತ್ತಿತ್ತು. ಟೀ ಹೊತ್ತಿಗೆ ಗೆಳೆಯರು ಬಾಗಿಲಲ್ಲಿ ನಿಲ್ಲತೊಡಗಿದರು. ನಾನು ಸದ್ದಿನ ನಡುವೆ "ಬೇಸಿಕಲಿ" ಒಂದನ್ನೂ ಸೇರಿಸುತ್ತಿದ್ದೆ. ಮೇಡಂ ಆ ದಿನಗಳಲ್ಲಿ ಕಟ್ಟಡದ ಆ ತುದಿಯಲ್ಲಿ ನಿಜ ಯಂತ್ರವನ್ನು ಹದಕ್ಕೆ ತರುತ್ತಿದ್ದರು. ಸಂಜೆ ಎದುರಾದಾಗ "ಸಾಹೇಬ್ರು ಹೇಗಿದಾರೆ?" ಎಂದು ಕೇಳುತ್ತಿದ್ದರು. "ಆರಾಮಾಗಿದಾರೆ ಮೇಡಂ" ಅನ್ನುತ್ತಿದ್ದೆ. ಅದರಲ್ಲಿ ಸುಳ್ಳಿರಲಿಲ್ಲ, ಇಲಿಗಳು ಬಹಳ ಆರಾಮಾಗಿದ್ದವು.

ಸ್ಕ್ಯಾನಿನ ದಿನ ಆಪರೇಷನ್ಸ್ ಸಾಹೇಬರೂ ಬಂದು ಗಾಜಿನ ಈಚೆ ಕೂತರು. ಮೊದಲ ಇಲಿ ಒಳಗೆ ಹೋಯಿತು. ಯಂತ್ರ ಬಾಯಿ ತೆರೆಯಿತು. ತಲೆ ಎಷ್ಟು ಅಲುಗುತ್ತಿದೆ ಎಂದು ತೋರಿಸುವ ಗೆರೆ ಪರದೆಯ ಮೇಲೆ ನೆಟ್ಟಗೆ ಹರಿಯಬೇಕಿತ್ತು. ಅದು ಜಿಗಣಿ ರಸ್ತೆಯ ಹಾಗೆ ಎದ್ದು ಬಿದ್ದು ಓಡಿತು. ಮೇಡಂ ಕೈ ಆಗಲೇ ನಿಲ್ಲಿಸುವ ಗುಂಡಿಯ ಮೇಲಿತ್ತು.

"ಬೇಸಿಕಲಿ, ಇನ್ನೊಂದು ಸ್ವಲ್ಪ ನೋಡೋಣ ಮೇಡಂ. ಸೆಟಲ್ ಆಗ್ಬಹುದು" ಅಂದರು ಸಾಹೇಬರು.

"ಆಗಲ್ಲ ಸಾರ್. ಅದು ಹೆದರಿದೆ."

ಗುಂಡಿ ಒತ್ತಿ ಒಳಗೆ ಹೋಗಿ, ಇಲಿಯನ್ನು ಬಿಡಿಸಿ, ಕೋಟಿನ ಒಳಗೆ ಎದೆಗೆ ಇಟ್ಟುಕೊಂಡು ಬಂದರು. ಅಷ್ಟು ಜನ ಕಾಯುತ್ತಿರುವಾಗ, ಅಷ್ಟೆಲ್ಲ ಪಣಕ್ಕಿಟ್ಟಿರುವಾಗ, ಅವರು ಒಂದು ಕ್ಷಣವೂ ಲೆಕ್ಕ ಹಾಕಲಿಲ್ಲ. ಎರಡನೆಯದನ್ನು ಇಟ್ಟು ನೋಡಿದರು, ಅದೇ ಕಥೆ. ಅದನ್ನೂ ತೆಗೆದರು. ಮೂರನೆಯದನ್ನು ಇಡಲೇ ಇಲ್ಲ.

ಆಮೇಲೆ ನೇರ ನನ್ನ ಕೋಣೆಗೆ ಬಂದರು. ಸುಳ್ಳು ಕೊಳವೆಯ ಸ್ಪೀಕರಿನ ಸ್ವಿಚ್ಚು ಹಾಕಿದರು. ಏನೂ ಇಲ್ಲ.

"ಇದು ಯಾವಾಗ ಹೋಯ್ತು?"

"ಶುರುವಲ್ಲೇ ಹೋಯ್ತು ಮೇಡಂ."

"ಮತ್ತೆ ಸದ್ದು?"

"ನಾನೇ ಮಾಡ್ದೆ."

"ಏನ್ ಮಾಡ್ದೆ?"

"ಸದ್ದು, ಮೇಡಂ. ಬಾಯಲ್ಲಿ."

ಅವರು ಕುರ್ಚಿ ಎಳೆದುಕೊಂಡು ಕೂತರು. ಸ್ಕ್ಯಾನ್ ಆಗದೆ ಉಳಿದಿದ್ದ ಒಂದು ಇಲಿಯನ್ನು ಕೊಳವೆಯಲ್ಲಿ ಇಡಿಸಿದರು. "ಮಾಡು" ಅಂದರು. ಜೀವನದಲ್ಲಿ ಅಷ್ಟು ಕಷ್ಟದ ಮಿಮಿಕ್ರಿ ನಾನು ಮಾಡಿಲ್ಲ. ಟಕ್ ಟಕ್ ಟಕ್ ಅಂದೆ, ಬ್ರರ್ರರ್ ಅಂದೆ, ಕೀ ಅಂದೆ. ಇಲಿ ಕಣ್ಣು ಅರ್ಧ ಮುಚ್ಚಿ ಸಣ್ಣಗೆ ಹಲ್ಲು ಮಸೆಯತೊಡಗಿತು. ನೆಮ್ಮದಿಯಾಗಿದ್ದಾಗ ಇಲಿ ಹಾಗೆ ಮಾಡುತ್ತದೆ, ಬೆಕ್ಕು ಗುರುಗುಟ್ಟಿದ ಹಾಗೆ. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಇದು ನಿನ್ನ ಫ್ಯಾನ್ ಆಗಿದೆ ಕಣೋ" ಅಂದರು. "ನಂಗೆ ಬೇಕಾಗಿದ್ದು ಫ್ಯಾನ್ ಅಲ್ಲ."

ಬಳಿಕ ಕಂಪ್ಯೂಟರಿನಲ್ಲಿ ಯಂತ್ರದ ಸದ್ದನ್ನೂ ನನ್ನ ಸದ್ದನ್ನೂ ಅಕ್ಕಪಕ್ಕ ಚಿತ್ರವಾಗಿಸಿ ತೋರಿಸಿದರು. ನಮ್ಮ ಕಿವಿಗೆ ಎಂದೂ ಕೇಳದಷ್ಟು ಸೂಕ್ಷ್ಮವಾದ, ಎತ್ತರದ ಸ್ವರಗಳು ಇಲಿಗೆ ಕೇಳುತ್ತವಂತೆ. ಯಂತ್ರದ ಚಿತ್ರ ಪರದೆಯ ತುದಿಯವರೆಗೂ ಏರಿತ್ತು. ನನ್ನದು ತಳದಲ್ಲೇ ಒಂದು ಕುರುಚಲು ಪೊದೆಯ ಹಾಗೆ ನಿಂತಿತ್ತು. ಗೆಳೆಯನನ್ನು ಮೋಸಗೊಳಿಸಿದ ನನ್ನ ಸ್ಕ್ಯಾನರು ಇಲಿಯ ಕಿವಿಗೆ ಸ್ಕ್ಯಾನರೇ ಆಗಿರಲಿಲ್ಲ. ಯಾವನೋ ಒಬ್ಬ ದಿನಾ ಬಂದು ಟಕ್ ಟಕ್ ಅನ್ನುತ್ತಾನೆ, ಆಮೇಲೆ ಸಕ್ಕರೆ ನೀರು ಕೊಡುತ್ತಾನೆ, ಅಷ್ಟೇ ಅವು ಕಲಿತದ್ದು.

ಆ ಮಧ್ಯಾಹ್ನ ಮೇಡಂ ಆಪರೇಷನ್ಸ್ ಸಾಹೇಬರ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಸಾರ್, ವಿಧಾನದ್ದು ತಪ್ಪಲ್ಲ. ಇಲಿಗಳಿಗೆ ಸದ್ದು ಅಭ್ಯಾಸ ಮಾಡಿಸೋದ್ರಲ್ಲಿ ನಮ್ಮಿಂದ ತಪ್ಪಾಗಿದೆ. ಮೊದಲಿಂದ ಮಾಡ್ತೀವಿ." ನಮ್ಮಿಂದ ಅಂದರು. ನಾನು ಯಾರ ಯಾರ ಮಾತನ್ನೋ ಕದ್ದು ಆಡಿದ್ದೇನೆ, ಆ ಒಂದು ಪದವನ್ನು ಅವರು ಹೇಳಿದ ಹಾಗೆ ಹೇಳುವುದು ಇನ್ನೂ ಬಂದಿಲ್ಲ. ಸಾಹೇಬರು ಕ್ಯಾಲೆಂಡರ್ ನೋಡಿ, ಹೈದರಾಬಾದಿನವರು ಖುದ್ದಾಗಿ ಬರುವ ದಿನದವರೆಗೆ ಅವಕಾಶ ಕೊಟ್ಟರು. ಅಷ್ಟರಲ್ಲಿ ಆದರೆ ಆಯಿತು, ಇಲ್ಲವಾದರೆ ಸ್ಟೋರು.

ಹೊರಗೆ ಬಂದ ಮೇಲೆ ನಾನು "ಮೇಡಂ, ಬೇರೆಯವರಿಗೆ ವಹಿಸಿ" ಅಂದೆ.

"ಯಾಕೆ? ಕೆಡಿಸೋಕೆ ನೀನು, ಸರಿ ಮಾಡೋಕೆ ಬೇರೆಯವನಾ? ನೀನೇ ಮಾಡ್ತೀಯ. ಒಂದೇ ಕಂಡಿಷನ್ನು. ಇಲಿ ಕೋಣೆಯೊಳಗೆ ನಿನ್ನ ಬಾಯಿಂದ ಒಂದು ಸದ್ದು ಬರಕೂಡ್ದು."

ಹೊಸ ಸ್ಪೀಕರು ಬಂತು. ನನಗೆ ಮೌನವ್ರತ ಶುರುವಾಯಿತು. ಟೀ ಹೊತ್ತಿಗೆ ಬಾಗಿಲಲ್ಲಿ ನಿಂತ ಗೆಳೆಯರು "ಒಂದು ಬೇಸಿಕಲಿ ಹಾಕು ಗುರು" ಎಂದು ಕಾಡಿದರೂ ನಾನು ಬೆರಳು ತುಟಿಗೆ ಒತ್ತಿ ಹಿಡಿದೆ. ಎಲ್ಲಕ್ಕಿಂತ ಕಷ್ಟವಾದದ್ದು ಹಲ್ಲು ಮಸೆಯುತ್ತಿದ್ದ ಆ ಇಲಿ. ಕೊಳವೆಯಲ್ಲಿ ಇಟ್ಟ ಕೂಡಲೇ ಅದು ನನ್ನ ಬಾಯಿಯ ಕಡೆ ಮೂಗು ಎತ್ತಿ ಕಾಯುತ್ತಿತ್ತು. ಟಿಕೆಟ್ ಕೊಂಡು ಕೂತ ಪ್ರೇಕ್ಷಕನ ಮುಂದೆ ಪರದೆ ಏಳದ ಹಾಗೆ. ಮೇಡಂ ಈಗ ದಿನಾ ಬಂದು ಪಕ್ಕದಲ್ಲಿ ಕೂರುತ್ತಿದ್ದರು, ಅವರೂ ಮಾತಾಡುತ್ತಿರಲಿಲ್ಲ. ಇಲಿ ಕಿವಿ ಹಿಂದಕ್ಕೆ ಮಡಚಿದರೆ ಬೆರಳಿನಿಂದ ತೋರಿಸುತ್ತಿದ್ದರು, ನಾನು ಸದ್ದು ಇಳಿಸುತ್ತಿದ್ದೆ. ಮೀಸೆ ಸಡಿಲವಾದರೆ ತಲೆಯಾಡಿಸುತ್ತಿದ್ದರು, ಏರಿಸುತ್ತಿದ್ದೆ. ಅವಸರವಿದ್ದದ್ದು ಅವರಿಗೆ. ಆದರೆ ಒಂದು ದಿನವೂ ಇಲಿಯನ್ನು ಅವಸರಪಡಿಸಲಿಲ್ಲ. ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಇದೆಲ್ಲ ಕಂಡಿತು. ಮೇಡಂ ನನ್ನ ಬಾಯಿ ಮುಚ್ಚಿಸಿದ್ದನ್ನು ಅಮ್ಮನಿಗೆ ಹೇಳಿದಾಗ "ಅಂಗಾರೆ ಆ ಯಮ್ಮನ್ನ ಒಂದ್ ತಿಂಗ್ಳು ನಮ್ಮನೇಲಿ ಮಡಿಕ್ಕೊಳಾನ" ಅಂದಳು.

ಹೈದರಾಬಾದಿನವರು ಬರುವ ಮುಂಚಿನ ವಾರ ಮತ್ತೆ ಸ್ಕ್ಯಾನು. ಹೊರಗಿನಿಂದ ಉದ್ದನೆಯ ಸಣ್ಣ ನಳಿಕೆಯ ಮೂಲಕ ಇಲಿಗೆ ಮದ್ದು ಹೋಗುತ್ತದೆ. ಅರ್ಧ ಇಲಿಗಳಿಗೆ ಮದ್ದು, ಅರ್ಧಕ್ಕೆ ಬರೀ ಉಪ್ಪುನೀರು. ಯಾವುದು ಯಾವುದೆಂದು ನಮಗ್ಯಾರಿಗೂ ತಿಳಿಯದ ಹಾಗೆ ಔಷಧಿ ವಿಭಾಗದವರು ಸಿರಿಂಜಿಗೆ ಕೆಂಪು, ನೀಲಿ ಚುಕ್ಕೆ ಮಾತ್ರ ಹಚ್ಚಿ ಕಳಿಸುತ್ತಾರೆ. ಗೊತ್ತಿದ್ದರೆ ಮನಸ್ಸು ಬೇಕಾದ್ದನ್ನೇ ಕಾಣುತ್ತದೆ. ಯಂತ್ರ ಶುರುವಾದಾಗ ನಾನು ಗೆರೆಯನ್ನು ನೋಡಲಾರದೆ ಮೇಡಂ ಮುಖ ನೋಡಿದೆ. ಅವರು ಕೈಯನ್ನು ನಿಲ್ಲಿಸುವ ಗುಂಡಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಪರದೆ ನೋಡಿದೆ. ಗೆರೆ ಜಿಗಣಿ ರಸ್ತೆ ಬಿಟ್ಟು ಫ್ಲೈಓವರ್ ಹತ್ತಿತ್ತು.

ಹೈದರಾಬಾದಿನಿಂದ ಬಂದ ಹಿರಿಯರು ಕನ್ನಡ ಬಲ್ಲವರು, ಬಳ್ಳಾರಿ ಕಡೆ ಓದಿದವರಂತೆ. ಅವರ ಎದುರಿಗೇ ಔಷಧಿ ವಿಭಾಗದವರು ಚುಕ್ಕೆಗಳ ಗುಟ್ಟು ಬಿಚ್ಚಿದರು. ನೀಲಿ ಚುಕ್ಕೆ ಉಪ್ಪುನೀರು: ಆ ಮೆದುಳುಗಳು ಭಾನುವಾರದ ಫ್ಯಾಕ್ಟರಿಯ ಹಾಗೆ ತಣ್ಣಗೆ ಬೂದುಬಣ್ಣದಲ್ಲಿದ್ದವು. ಕೆಂಪು ಚುಕ್ಕೆ ಮದ್ದು: ಹಣೆಯ ಹಿಂದಿನಿಂದ ಶುರುವಾಗಿ, ಒಂದರ ನಂತರ ಒಂದು ಜಾಗ, ಸಂಜೆ ಬೀದಿದೀಪ ಹತ್ತಿಕೊಂಡ ಹಾಗೆ ಹತ್ತಿಕೊಳ್ಳುತ್ತ ಹೋಗಿತ್ತು. ಒಂದು ಕಡಲೆಕಾಯಿಯಷ್ಟು ಮೆದುಳಿನಲ್ಲಿ ಅಷ್ಟು ಬೀದಿಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಮಲಗಿಸಿ ತೆಗೆದ ಹಳೆಯ ಚಿತ್ರವಿತ್ತು. ಅದೇ ಮದ್ದು, ಆದರೆ ಊರಿಗೆಲ್ಲ ಕರೆಂಟು ಹೋದಂತಿತ್ತು. ಹಿರಿಯರು ಪರದೆಯ ಹತ್ತಿರಕ್ಕೆ ಬಾಗಿ ಎರಡನ್ನೂ ಹೋಲಿಸಿ ನೋಡಿದರು.

ಇಷ್ಟಾದರೂ ಆಪರೇಷನ್ಸ್ ಸಾಹೇಬರಿಗೆ ತೃಪ್ತಿಯಿಲ್ಲ. ಅವರ ಚಿಂತೆಯೂ ಸುಳ್ಳಲ್ಲ: ಯಂತ್ರ ಅಷ್ಟು ವಾರ ಇಲಿಗಳ ಅಭ್ಯಾಸ ಮುಗಿಯಲೆಂದು ಕಾದಿತ್ತು. ಆಮೇಲೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆ ಮುಗಿಯಬೇಕಾದದ್ದು ಸಾಹೇಬರಿಗೆ ಮೇಡಂ ಕೊಟ್ಟ ಉತ್ತರದಲ್ಲಿ. ಹಿರಿಯರು ನಗುತ್ತ ಮುಂದಿನ ಕೆಲಸಕ್ಕೂ ಎಚ್ಚರದ ಇಲಿಗಳೇ ಆಗಲಿ ಎಂದು ಕೈ ಕುಲುಕಿ ಹೋದರು. ಪೀಣ್ಯದಿಂದ ಇನ್ನಷ್ಟು ಪಲ್ಲಕ್ಕಿಗಳು ಬಂದವು, ನಾನೇ ಹೋಗಿ ಮುಂಗೈಗೆ ಉಜ್ಜಿ ನೋಡಿ ತಂದೆ. ಇವತ್ತಿಗೂ ಇಲಿ ಕೋಣೆಯಲ್ಲಿ ಸದ್ದು ಮಾಡುವುದು ಸ್ಪೀಕರು, ಸುಮ್ಮನಿರುವುದು ನಾನು.

ಸಾಹೇಬರು ಲ್ಯಾಪ್‌ಟಾಪ್ ಅರ್ಧ ಮುಚ್ಚುತ್ತ ಹೇಳಿದ್ದು ಇದು: "ಬೇಸಿಕಲಿ, ರಿಸಲ್ಟು ಚೆನ್ನಾಗಿದೆ ಮೇಡಂ. ಆದ್ರೆ ಮದ್ದು ತಲೆಗೆ ಏರಿದೆಯಾ ಇಲ್ವಾ ಅಂತ ನೋಡೋಕೆ ಇಷ್ಟೆಲ್ಲ ಬೇಕಾ? ಮುಂದಿನ ಸಲ ಸುಮ್ನೆ ಮಲಗಿಸಿ ನೋಡ್ಬಿಡಿ."

ಮೇಡಂ ಪರದೆಯಿಂದ ಕಣ್ಣು ತೆಗೆಯಲೂ ಇಲ್ಲ.

"ಸಾರ್, ಬಾರಿಂದ ಈಚೆ ಬಂದೋನಿಗೆ ಎಷ್ಟು ಏರಿದೆ ಅಂತ ನೋಡ್ಬೇಕು ಅಂದ್ರೆ ನಡೆಸಿ ನೋಡ್ತಾರೆ. ಮಲಗಿಸಿ ನೋಡಲ್ಲ."